ಹಳೇ ಓಣಿಯಲ್ಲಿ ಹೊಸ ಹೋಟೆಲು: ನೀವು ಕೇಳಿದ್ದೀರಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಜಪಾನಿನ ಹಳೇ ಬಡಾವಣೆಗಳ ಡಿಸೈನ್ ಹೋಟೆಲುಗಳ ಬಗ್ಗೆಯೇ. ಒಳಾಂಗಣ ವಿನ್ಯಾಸ ನನ್ನ ಕಸುಬು. ಜಪಾನಿನ ಹಳೇ ಮನೆಗಳೆಂದರೆ ನನಗೆ ಪ್ರಾಣ. ಹಾಗಾಗಿ ಸ್ವಲ್ಪ ಬಿಡಿಸಿಯೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾನು, ನನ್ನ ಹೆಂಡತಿ ಟೋಕಿಯೋಗೆ ಹೊರಟಿದ್ದೇವೆ. ಇಬ್ಬರಿಗೂ ಅರವತ್ತು ದಾಟಿದೆ. ಮಗಳು ಯಾನಾಕಾ ಎಂಬ ಹಳೇ ಬಡಾವಣೆಯಲ್ಲಿ ಒಂದು ಹೋಟೆಲ್ ಹುಡುಕಿದ್ದಾಳೆ. ರೂಮು ಪುಟ್ಟದು. ಸ್ನಾನಕ್ಕೆ ಬೀದಿಯ ಸ್ನಾನದ ಮನೆಗೆ, ತಿಂಡಿಗೆ ಇನ್ನೊಂದು ಕಟ್ಟಡಕ್ಕೆ ಹೋಗಬೇಕಂತೆ. ಇಷ್ಟಕ್ಕೆ ಅಷ್ಟೊಂದು ದುಡ್ಡು ಯಾಕೆ ಕೊಡಬೇಕು ಮೇಡಂ?

ಉತ್ತರ: ನಿಮ್ಮ ಮಗಳು ಚೆನ್ನಾಗಿ ಹುಡುಕಿದ್ದಾಳೆ ಸಾರ್. ಬರೀ ರೂಮಿನ ಲೆಕ್ಕ ಹಾಕಿದರೆ ದುಡ್ಡು ಜಾಸ್ತಿ ಅನ್ನಿಸುವುದು ಸಹಜ. ಆದರೆ ಇಂಥ ಕಡೆ ನೀವು ದುಡ್ಡು ಕೊಡುವುದು ಓಣಿಗೂ ಸೇರಿಸಿ.

1923ರ ದೊಡ್ಡ ಭೂಕಂಪ ಮತ್ತು 1945ರ ಬಾಂಬ್ ದಾಳಿ, ಇವೆರಡರಲ್ಲಿ ಟೋಕಿಯೋದ ಹಳೇ ಭಾಗ ಬಹುಪಾಲು ಸುಟ್ಟುಹೋಯಿತು. ಯಾನಾಕಾ ಮಾತ್ರ ಹೆಚ್ಚುಕಡಿಮೆ ಉಳಿದುಕೊಂಡಿತು. ಅದಕ್ಕೇ ಅಲ್ಲಿ ಇವತ್ತಿಗೂ ಅಷ್ಟು ದೇವಾಲಯ, ಮರದ ಮನೆ, ಇಬ್ಬರು ಅಕ್ಕಪಕ್ಕ ನಡೆಯಲಾಗದ ಸಂದಿ. ಯಾನಾಕಾ ಗಿಂಜಾ ಅಂತ ಒಂದು ಅಂಗಡಿ ಬೀದಿ ಇದೆ. ಉದ್ದ ಸುಮಾರು 170 ಮೀಟರ್ ಅಷ್ಟೇ. ಮೀನು, ಟೀ ಪುಡಿ, ಬೀದಿಯಲ್ಲೇ ಕರಿದ ಕ್ರೊಕೆಟ್ ಎಲ್ಲ ಅಲ್ಲೇ ಸಿಗುತ್ತವೆ.

ನಿಮ್ಮ ಮಗಳು ಹೇಳಿದ ವ್ಯವಸ್ಥೆಗೆ ಒಳ್ಳೆಯ ಉದಾಹರಣೆ ಇದೇ ಯಾನಾಕಾದ ಹಾನಾರೆ ಎಂಬ ಹೋಟೆಲು. ಅದರ ಹಿಂದಿನ ಕಥೆ ನನಗೆ ತುಂಬಾ ಇಷ್ಟ. 1955ರಲ್ಲಿ ಕಟ್ಟಿದ, ಹಾಗಿಸೋ ಎಂಬ ಮರದ ವಠಾರ ಅಲ್ಲಿತ್ತು. ಹತ್ತಿರದ ಕಲಾ ವಿಶ್ವವಿದ್ಯಾಲಯದ ಹುಡುಗರು ಬಾಡಿಗೆಗಿದ್ದರು. 2011ರ ಭೂಕಂಪವಾದ ಮೇಲೆ ಅದನ್ನು ಕೆಡವೋಣ ಅಂತ ತೀರ್ಮಾನವಾಯಿತು. ಬಾಡಿಗೆದಾರರು ಮತ್ತು ಅವರ ಗೆಳೆಯರು ಕಟ್ಟಡಕ್ಕೆ ವಿದಾಯ ಹೇಳಲು 2012ರಲ್ಲಿ ಇಡೀ ವಠಾರದಲ್ಲೇ ಒಂದು ಕಲಾಪ್ರದರ್ಶನ ಮಾಡಿದರು. ಜನ ಮುಗಿಬಿದ್ದು ಬಂದರು. ಮಾಲೀಕರ ಮನಸ್ಸು ಬದಲಾಯಿತು. ಅಲ್ಲೇ ಬಾಡಿಗೆಗಿದ್ದ ವಾಸ್ತುಶಿಲ್ಪಿ ಮಿತ್ಸುಯೋಶಿ ಮಿಯಾಝಾಕಿ ಅದನ್ನು ದುರಸ್ತಿ ಮಾಡಿ, 2013ರಲ್ಲಿ ಕೆಫೆ ಮತ್ತು ಗ್ಯಾಲರಿಯಾಗಿ ತೆರೆದರು. 2015ರಲ್ಲಿ ಹೋಟೆಲು ಶುರುವಾಯಿತು. ಸ್ವಾಗತದ ಮೇಜು, ತಿಂಡಿ ಹಾಗಿಸೋದಲ್ಲಿ. ಮಲಗುವ ಕೋಣೆಗಳು ಒಂದೆರಡು ಓಣಿ ಆಚೆ, ಇನ್ನೊಂದು ಹಳೇ ಕಟ್ಟಡದಲ್ಲಿ. ಸ್ನಾನಕ್ಕೆ ಊರಿನ ಸೆಂಟೊ, ಅಂದರೆ ಬೀದಿಯ ಸ್ನಾನದ ಮನೆ. ಊಟಕ್ಕೆ ಊರಿನ ಅಂಗಡಿಗಳು. ಇಡೀ ಊರನ್ನೇ ಹೋಟೆಲ್ ಮಾಡಬೇಕು ಅನ್ನೋದು ಅವರ ಯೋಚನೆ. ನಿಮಗೆ ಕೊರತೆ ಅನ್ನಿಸಿದ್ದೆಲ್ಲ ಅವರು ಬೇಕೆಂದೇ ಬಿಟ್ಟಿದ್ದು.

ಸೆಂಟೊ ಬಗ್ಗೆ ಅಳುಕು ಬೇಡ. ಬಾಗಿಲಲ್ಲೇ ಚಪ್ಪಲಿ ಇಡುವ ಸಣ್ಣ ಸಣ್ಣ ಗೂಡುಗಳಿರುತ್ತವೆ. ಹಳೇ ಸೆಂಟೊಗಳಲ್ಲಿ ಕೀಲಿ ಅಂದರೆ ಅಂಗೈಯಗಲದ ಮರದ ಹಲಗೆ. ಎಳೆದರೆ ಗೂಡಿಗೆ ಬೀಗ ಬೀಳುತ್ತದೆ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಬಾಗಿಲು. ಒಳಗೆ ಎಲ್ಲರೂ ಬೆತ್ತಲೆಯೇ. ಯಾರೂ ಯಾರನ್ನೂ ನೋಡುವುದಿಲ್ಲ. ಮೊದಲು ಗಿಡ್ಡ ಸ್ಟೂಲಿನ ಮೇಲೆ ಕೂತು, ನಲ್ಲಿಯ ಮುಂದೆ ಸೋಪು ಹಚ್ಚಿ ಪೂರ್ತಿ ಮೈ ತೊಳೆಯಬೇಕು. ಅಲ್ಲಿ ಹಳದಿ ಪ್ಲಾಸ್ಟಿಕ್ ಬೋಗುಣಿ ಕಂಡರೆ ತಳ ನೋಡಿ. ಕೆರೊರಿನ್ ಅಂತ ಒಂದು ನೋವಿನ ಔಷಧಿಯ ಜಾಹೀರಾತು ಅಚ್ಚಾಗಿರುತ್ತದೆ. 1963ರಿಂದ ನಡೆದು ಬಂದಿದೆ. ಸೋಪಿನ ನೊರೆ ಎಲ್ಲ ಹೋದ ಮೇಲೆಯೇ ದೊಡ್ಡ ತೊಟ್ಟಿಗೆ ಇಳಿಯುವುದು. ಚಿಕ್ಕ ಟವೆಲ್ ನೀರಿಗೆ ತಾಗಬಾರದು. ತಲೆ ಮೇಲಿಟ್ಟುಕೊಳ್ಳಿ. ನೀರು 40 ಡಿಗ್ರಿ ದಾಟಿರುತ್ತದೆ, ಆತುರ ಬೇಡ. ಬಿ.ಪಿ. ಇದ್ದರೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ. ಎದುರು ಗೋಡೆಯಲ್ಲಿ ಫ್ಯೂಜಿ ಪರ್ವತದ ಚಿತ್ರ ಕಂಡರೆ ಅದು 1912ರಲ್ಲಿ ಟೋಕಿಯೋದ ಕಾಂಡಾದ ಒಂದು ಸೆಂಟೊದಿಂದ ಹರಡಿದ ರೂಢಿ. ಟೋಕಿಯೋದಲ್ಲಿ 2024ರ ಆಗಸ್ಟ್‌ನಿಂದ ದೊಡ್ಡವರಿಗೆ 550 ಯೆನ್ ದರವಾಯಿತು. ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ತೆರೆಯುತ್ತವೆ. ವಾರದ ರಜೆ ಯಾವತ್ತು ಅಂತ ಹೋಟೆಲಿನಲ್ಲಿ ಕೇಳಿ.

ಒಂದು ಮಾತು ಮಾತ್ರ ಖಂಡಿತ ಕೇಳಿ. ಮೊಣಕಾಲು ನೋವಿದ್ದರೆ ತತಾಮಿ, ಅಂದರೆ ನೆಲಕ್ಕೆ ಹುಲ್ಲಿನ ಚಾಪೆ ಹಾಸಿದ ರೂಮು ಬೇಡ. ನೆಲದ ಹಾಸಿಗೆಯಿಂದ ದಿನಾ ಬೆಳಗ್ಗೆ ಎದ್ದೇಳುವುದು ಕಷ್ಟ. ಸೆಂಟೊದ ಗಿಡ್ಡ ಸ್ಟೂಲೂ ಹಾಗೆಯೇ. ಆಗ ಅದೇ ಬಡಾವಣೆಯಲ್ಲಿ ಮಂಚವಿರುವ ಹೋಟೆಲ್ ನೋಡಿ. ಓಣಿಯಂತೂ ಅದೇ ಅಲ್ವಾ?

ಪ್ರಶ್ನೆ: ಫೋಟೋದಲ್ಲಿ ಎಲ್ಲ ಹೋಟೆಲೂ ಚೆಂದ. ನಿಜವಾಗಿ ಹಳೆಯದನ್ನು ಉಳಿಸಿಕೊಂಡದ್ದು ಯಾವುದು, ಸುಮ್ನೆ ಬಿದಿರು ಅಂಟಿಸಿದ್ದು ಯಾವುದು ಅಂತ ಹೇಗೆ ತಿಳಿಯುವುದು?

ಉತ್ತರ: ರೂಮಿನ ಫೋಟೋ ಬಿಡಿ, ನೆಲಮಹಡಿ ನೋಡಿ. ಬೀದಿಯ ಜನ ಒಳಗೆ ಬರುತ್ತಾರಾ? ನನಗೆ ಮುಖ್ಯವಾದ ಪರೀಕ್ಷೆ ಅದೇ. ಟೋಕಿಯೋದ ಕಬುತೋಚೋ ಹಳೇ ಷೇರುಪೇಟೆಯ ಜಾಗ. ಅಲ್ಲಿ 1923ರ ಬ್ಯಾಂಕ್ ಕಟ್ಟಡವೊಂದನ್ನು 2020ರಲ್ಲಿ ಕೆ5 ಎಂಬ ಹೋಟೆಲ್ ಮಾಡಿದರು. ವಿನ್ಯಾಸ ಸ್ವೀಡನ್ನಿನ ಕ್ಲಾಸನ್ ಕೊಯಿವಿಸ್ಟೊ ರೂನೆ ಸಂಸ್ಥೆಯದು. ಕೆಳಗೆ ಕಾಫಿ ಅಂಗಡಿ, ನೆಲಮಾಳಿಗೆಯಲ್ಲಿ ಬಿಯರ್ ಬಾರ್ ಇಟ್ಟರು. ರೂಮ್ ಬುಕ್ ಮಾಡದವರೂ ಹೋಗಿ ಕೂರಬಹುದು. ಹೊಸ ಹಣ ಬಂದಾಗ ಹಳೇ ಬಡಾವಣೆಯವರಿಗೆ ಬಾಗಿಲು ಮುಚ್ಚದಿರುವುದು ದೊಡ್ಡ ವಿಷಯ.

ಕ್ಯೋಟೋದ ಶಿನ್‌ಪೂಕಾನ್ ಇನ್ನೊಂದು ಬಗೆ. 1926ರ ಟೆಲಿಫೋನ್ ಕಚೇರಿ. ತೆತ್ಸುರೋ ಯೋಶಿದಾ ವಿನ್ಯಾಸ ಮಾಡಿದ್ದು. ಈಗ ಏಸ್ ಹೋಟೆಲ್ ಇರುವುದು ಅಲ್ಲೇ. ಹಳೇ ಕಟ್ಟಡವನ್ನು ಉಳಿಸಿಕೊಂಡು ಪಕ್ಕಕ್ಕೆ ವಾಸ್ತುಶಿಲ್ಪಿ ಕೆಂಗೊ ಕೂಮಾ ಹೊಸ ಭಾಗ ಸೇರಿಸಿದರು. ಹಳೆಯದು ಹಳೆಯದಾಗಿಯೇ ಕಾಣುತ್ತದೆ, ಹೊಸತು ಹೊಸತಾಗಿಯೇ. ಈ ಪ್ರಾಮಾಣಿಕತೆ ನನಗೆ ಹಿಡಿಸುತ್ತದೆ. ಹೊಸ ಕಾಂಕ್ರೀಟಿನ ಮೇಲೆ ಮರದ ಪಟ್ಟಿ ಅಂಟಿಸಿ ನೂರು ವರ್ಷದ ಮನೆ ಅಂತ ನಂಬಿಸುವುದು ನನಗೆ ಸರಿ ಕಾಣುವುದಿಲ್ಲ. ಹೋಟೆಲಿನವರು ಕಟ್ಟಡದ ಇಸವಿ, ಮೊದಲು ಅಲ್ಲಿ ಏನಿತ್ತು ಅನ್ನೋದನ್ನು ಎಲ್ಲೂ ಹೇಳದಿದ್ದರೆ ಬುಕ್ ಮಾಡುವ ಮೊದಲು ಬರೆದು ಕೇಳಿ.

ಪ್ರಶ್ನೆ: ನಾವು ನಾಲ್ವರು, ದೊಡ್ಡ ಸೂಟ್‌ಕೇಸ್‌ಗಳು. ಸೆಮಿ ಡಬಲ್ ರೂಮ್ ಎರಡು ಸಾಕಾ?

ಉತ್ತರ: ಸಾಕಾಗುವುದಿಲ್ಲ. ಅಲ್ಲಿ ಸೆಮಿ ಡಬಲ್ ಅಂದರೆ ಸಾಮಾನ್ಯವಾಗಿ 120 ಸೆಂಟಿಮೀಟರ್ ಅಗಲದ ಮಂಚ. ಟ್ವಿನ್, ಅಂದರೆ ಎರಡು ಮಂಚದ ರೂಮು ಕೇಳಿ. ಬಾಡಿಗೆ ಎಷ್ಟೋ ಕಡೆ ರೂಮಿಗಲ್ಲ, ತಲೆಗೆ ಇಷ್ಟು ಅಂತ. ಬುಕ್ ಮಾಡುವಾಗ ಜನರ ಲೆಕ್ಕ ಸರಿಯಾಗಿ ಕೊಡಿ. ಪಾಸ್‌ಪೋರ್ಟ್ ಎಲ್ಲರದೂ ಬೇಕು.

ಸೂಟ್‌ಕೇಸನ್ನು ಏರ್‌ಪೋರ್ಟಿನಿಂದಲೇ ತಕ್ಕ್ಯೂಬಿನ್‌ಗೆ, ಅಂದರೆ ಸಾಮಾನು ತಲುಪಿಸುವ ಕೊರಿಯರ್‌ಗೆ ಹಾಕಿಬಿಡಿ. ಸಾಮಾನ್ಯವಾಗಿ ಮರುದಿನ ಹೋಟೆಲಿಗೆ ಬಂದಿರುತ್ತದೆ. ಒಂದು ರಾತ್ರಿಯ ಬಟ್ಟೆ ಕೈಯಲ್ಲಿರಲಿ. ಹೋಟೆಲು ಸಾಮಾನು ತೆಗೆದುಕೊಳ್ಳುತ್ತದಾ ಅಂತ ಮೊದಲೇ ಕೇಳಿ, ಪುಟ್ಟ ಹೋಟೆಲುಗಳಲ್ಲಿ ಇಡೀ ದಿನ ಜನ ಇರುವುದಿಲ್ಲ. ಸಂದಿಗಳಲ್ಲಿ ರಾತ್ರಿ ಚಕ್ರ ಉರುಳಿಸಿದರೆ ಎರಡೂ ಕಡೆ ಮನೆಯವರಿಗೆ ಎಚ್ಚರವಾಗುತ್ತದೆ. ಮರದ ಗೋಡೆ, ತೆಳು ಕಿಟಕಿ. ಒಳಗೂ ತತಾಮಿ ಮೇಲೆ ಚಕ್ರ ಬೇಡ, ಎತ್ತಿಡಿ. ಚಾಪೆ ಸೀಳಿಬಿಡುತ್ತದೆ. ಗೋಡೆಯಲ್ಲಿ ಚಿತ್ರಪಟ ತೂಗುಹಾಕಿ, ಹೂವಿಟ್ಟ ಗೂಡಿನಂಥ ಜಾಗ ಇರುತ್ತದೆ, ತೊಕೊನೊಮಾ ಅಂತ. ಬ್ಯಾಗ್ ಇಡಲು ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ದಯವಿಟ್ಟು ಅಲ್ಲಿ ಇಡಬೇಡಿ. ಮನೆಯಲ್ಲಿ ಗೌರವದ ಜಾಗ ಅದು.

ಪ್ರಶ್ನೆ: ಓಣಿಯ ಮನೆಗಳ ಫೋಟೋ ತೆಗೆಯಬಹುದಾ?

ಉತ್ತರ: ಬೀದಿಯದು ತೆಗೆಯಿರಿ. ಒಣಗಲು ಹಾಕಿದ ಬಟ್ಟೆ, ತೆರೆದ ಬಾಗಿಲು, ಮಕ್ಕಳು ಬೇಡ. ಕ್ಯೋಟೋದ ಗಿಯೋನ್ ಬಡಾವಣೆಯಲ್ಲಿ ಕಾಟ ತಡೆಯಲಾರದೆ ನಿವಾಸಿಗಳು 2024ರಲ್ಲಿ ಖಾಸಗಿ ಸಂದಿಗಳಿಗೆ ಪ್ರವಾಸಿಗರು ಬರಬಾರದು ಅಂತ ಫಲಕ ಹಾಕಿದರು. 10,000 ಯೆನ್ ದಂಡ ಅಂತಲೂ ಬರೆದಿದ್ದಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಅಲ್ಲಿ ಜನ ವಾಸ ಮಾಡುತ್ತಿದ್ದಾರೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಹೋಟೆಲಿನ ಜಪಾನಿ ತಿಂಡಿ ತಿನ್ನಬಹುದಾ?

ಉತ್ತರ: ಕೇಳದೆ ತಿನ್ನಬೇಡಿ. ಅನ್ನ, ಉಪ್ಪಿನಕಾಯಿ, ಮಿಸೊ (ಹುದುಗಿಸಿದ ಸೋಯಾ) ಸೂಪು ನೋಡಿ ಸಸ್ಯಾಹಾರ ಅಂದುಕೊಳ್ಳುತ್ತೇವೆ. ಸೂಪಿನ ಸಾರ, ಅಂದರೆ ದಾಶಿ, ಹೆಚ್ಚಾಗಿ ಒಣಗಿಸಿದ ಕತ್ಸುವೊ ಮೀನಿನದು. ಬೇಯಿಸಿದ ತರಕಾರಿಗೂ ಅದನ್ನೇ ಹಾಕುತ್ತಾರೆ. ಮಾಂಸ ತಿನ್ನುವುದಿಲ್ಲ ಅಂತಷ್ಟೇ ಬರೆದರೆ ಮೀನು ತಿನ್ನುತ್ತೀರಿ ಅಂದುಕೊಂಡಾರು. ಮೀನಿನ ದಾಶಿಯೂ ಬೇಡ, ಕೊಂಬು ದಾಶಿಯಾದರೆ ಆಗುತ್ತದೆ ಅಂತ ಬಿಡಿಸಿ ಬರೆಯಿರಿ. ಕೊಂಬು ಸಮುದ್ರದ ಪಾಚಿ. ಪುಟ್ಟ ಹೋಟೆಲಿನ ಅಡುಗೆಮನೆ ಹಿಂದಿನ ದಿನವೇ ಸಾರ ತೆಗೆದಿಟ್ಟಿರಬಹುದು. ಹಾಗಾಗಿ ಬುಕ್ ಮಾಡುವ ದಿನವೇ ತಿಳಿಸಿ. ಆಗುವುದಿಲ್ಲ ಅಂದರೆ ತಿಂಡಿ ಇಲ್ಲದ ದರಕ್ಕೆ ರೂಮು ತೆಗೆದುಕೊಂಡು, ಓಣಿಯ ಕಾಫಿ ಅಂಗಡಿಯಲ್ಲಿ ದಪ್ಪ ಬ್ರೆಡ್ ಟೋಸ್ಟ್ ತಿನ್ನಿ. ಯಾನಾಕಾದಲ್ಲಾದರೆ ಕಯಾಬಾ ಕಾಫಿ ಇದೆ, 1938ರಲ್ಲಿ ಶುರುವಾದದ್ದು.