ಕೊನೆಯ ಅಂಕಿಗಳು ಎಲ್ಲಿ ಹೋದವು?

ಪ್ರಿಯ ಓದುಗರೇ,

ಜಾವಾಸ್ಕ್ರಿಪ್ಟ್‌ನಲ್ಲಿ ಈಥೀರಿಯಂ ವಾಲೆಟ್ ಬರೆಯುತ್ತಿದ್ದೀರಿ. ಸರ್ವರ್ ಕಳಿಸಿದ ಬ್ಯಾಲೆನ್ಸ್ 1234567890123456789 ವೇಯ್ (ಈಥೀರಿಯಂನ ನಾಣ್ಯವಾದ ಈಥರ್‌ನ ಅತಿ ಸಣ್ಣ ಘಟಕ). ತೆರೆಯ ಮೇಲೆ ಕೊನೆಗೆ 800 ಕಾಣುತ್ತದೆ, ಎಷ್ಟು ದೊಡ್ಡ ಪೂರ್ಣಾಂಕವನ್ನೂ ಹಿಡಿಯುವ ಬಿಗ್‌ಇಂಟ್‌ಗೆ ಹಾಕಿದರೆ 768 ಆಗುತ್ತದೆ. 'ಇಷ್ಟು ಸಣ್ಣ ವ್ಯತ್ಯಾಸ, ಬಿಟ್ಟುಬಿಡಬಹುದಾ?' ಎಂದು ಕೇಳಿದ್ದೀರಿ.

ದಯವಿಟ್ಟು ಬಿಡಬೇಡಿ. ಬಳಕೆದಾರರು ತಮ್ಮಲ್ಲಿರುವ ಟೋಕನ್ ಪೂರ್ತಿ ಕಳಿಸಲು ಹೋದರೆ, ತೆರೆಯ ಮೇಲಿನ 800ರ ಲೆಕ್ಕದಲ್ಲಿ ಇಲ್ಲದ 11 ಯೂನಿಟ್ ಜಾಸ್ತಿ ಕೇಳಿದಂತಾಗಿ ವ್ಯವಹಾರವೇ ಬಿದ್ದುಹೋಗುತ್ತದೆ.

ಜಾವಾಸ್ಕ್ರಿಪ್ಟ್‌ನ ಮಾಮೂಲಿ ನಂಬರ್ 9007199254740991ರವರೆಗೆ ಮಾತ್ರ ಪ್ರತಿ ಪೂರ್ಣಾಂಕವನ್ನೂ ಸರಿಯಾಗಿ ಇಟ್ಟುಕೊಳ್ಳುತ್ತದೆ. ನಿಮ್ಮ ಸಂಖ್ಯೆಯಷ್ಟು ದೊಡ್ಡದಾದಾಗ ಅದಕ್ಕೆ 256ರ ಗುಣಕಗಳಷ್ಟೇ ಸಿಗುತ್ತವೆ. ಹತ್ತಿರದ ಗುಣಕವೇ ನಿಮ್ಮ 768. ಒಂದು ಈಥರ್‌ಗೆ 18 ಸೊನ್ನೆಯಷ್ಟು ವೇಯ್ ಇರುವುದರಿಂದ 0.01 ಈಥರ್ ಕೂಡ ಈ ಮಿತಿ ದಾಟುತ್ತದೆ. ಬಿಟ್‌ಕಾಯಿನ್‌ನಲ್ಲಿ ಈ ತೊಂದರೆ ಕಾಣುವುದಿಲ್ಲ. 2.1 ಕೋಟಿ ನಾಣ್ಯವನ್ನೆಲ್ಲ ಅದರ ಅತಿ ಸಣ್ಣ ಘಟಕವಾದ ಸತೋಶಿಗೆ ಬದಲಿಸಿದರೂ ಮಿತಿಯೊಳಗೇ ಇರುತ್ತದೆ. ಅಲ್ಲಿಂದ ಎತ್ತಿದ ಕೋಡ್ ಇಲ್ಲಿ ಕೈಕೊಡುವುದು ಇದಕ್ಕೇ.

ಬಿಗ್‌ಇಂಟ್ ನಿಮಗೆ ಮೋಸ ಮಾಡಿಲ್ಲ. ಸರ್ವರ್ ಡೇಟಾ ಕಳಿಸುವ ಪಠ್ಯರೂಪವಾದ ಜೇಸನ್ ಅನ್ನು ಪಾರ್ಸ್ ಮಾಡುವಾಗಲೇ (ಓದಿ ಬಿಡಿಸುವಾಗಲೇ) ಅಂಕಿ ಕಳೆದುಹೋಗಿತ್ತು, ಬಿಗ್‌ಇಂಟ್ ಉಳಿದದ್ದನ್ನು ಹಾಗೇ ತೋರಿಸಿತು. ಹಾಗಾಗಿ ಸರ್ವರ್‌ನಿಂದ ಮೊತ್ತ ಸ್ಟ್ರಿಂಗ್ (ಪಠ್ಯ) ಆಗಿಯೇ ಬರಲಿ, ನೇರ ಬಿಗ್‌ಇಂಟ್‌ಗೆ ಹೋಗಲಿ. ಈಥೀರಿಯಂ ಜಾಲದ ಕಂಪ್ಯೂಟರ್‌ಗಳಾದ ನೋಡ್‌ಗಳೂ ಸಂಖ್ಯೆಗಳನ್ನು ಹೆಕ್ಸ್ (16ರ ಆಧಾರದ) ಸ್ಟ್ರಿಂಗ್ ಆಗಿಯೇ ಕಳಿಸುತ್ತವೆ. ವಾಪಸ್ ಕಳಿಸುವಾಗ ಬಿಗ್‌ಇಂಟ್ ಕಂಡು ಜೇಸನ್ ಎರರ್ ಕೊಡುತ್ತದೆ. ಆಗ ಸುಮ್ನೆ ನಂಬರ್‌ಗೆ ಬದಲಿಸಿ ಬಾಯಿ ಮುಚ್ಚಿಸಬೇಡಿ, ಸ್ಟ್ರಿಂಗ್ ಮಾಡಿ.

ಬಳಕೆದಾರರು '1.1' ಎಂದು ಟೈಪ್ ಮಾಡಿದಾಗಲೂ ಅದೇ ಎಚ್ಚರ ಬೇಕು. ಅದನ್ನು ಮಾಮೂಲಿ ನಂಬರ್ ಮಾಡುವ ಪಾರ್ಸ್‌ಫ್ಲೋಟ್ ಮುಟ್ಟಬೇಡಿ. ಈಥರ್ಸ್ ಲೈಬ್ರರಿಯ ಪಾರ್ಸ್‌ಯೂನಿಟ್ಸ್‌ಗೆ ಸ್ಟ್ರಿಂಗ್ ಕೊಡಿ, ಜೊತೆಗೆ ಟೋಕನ್‌ನ ದಶಮಾಂಶ ಸ್ಥಾನ ಎಷ್ಟೆಂದು ಹೇಳಿ. ಎಲ್ಲಕ್ಕೂ 18 ಇರುವುದಿಲ್ಲ, ಡಾಲರ್‌ಗೆ ಜೋಡಿಸಿದ ಯುಎಸ್‌ಡಿಸಿ ಟೋಕನ್‌ಗೆ 6 ಮಾತ್ರ. ಶುಲ್ಕದ ಲೆಕ್ಕದಲ್ಲಿ ಮೊದಲು ಗುಣಿಸಿ, ಆಮೇಲೆ ಭಾಗಿಸಿ. ಬಿಗ್‌ಇಂಟ್ ಭಾಗಾಕಾರದಲ್ಲಿ ಶೇಷ ಬಿದ್ದುಹೋಗುತ್ತದೆ.

ಮುಂದೆ ಕಾಂಟ್ರ್ಯಾಕ್ಟ್ (ಈಥೀರಿಯಂ ಮೇಲೆ ತಾನಾಗಿ ಓಡುವ ಪ್ರೋಗ್ರಾಂ) ಕೂಡ ಬರೆಯುತ್ತೀರಿ ಎಂದಿದ್ದೀರಿ. ಅಲ್ಲಿನ ಅಪಾಯ ಬೇರೆ. 256 ಬಿಟ್ ತುಂಬಿದ ಮೇಲೆ ಸಂಖ್ಯೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 2018ರ ಏಪ್ರಿಲ್‌ನಲ್ಲಿ ಬಿಇಸಿ ಟೋಕನ್‌ನಲ್ಲಿ ಆದದ್ದು ಅದೇ. ದಾಳಿಕೋರ 2ರ 255ನೇ ಘಾತದಷ್ಟು ಟೋಕನ್‌ಗಳನ್ನು ಇಬ್ಬರಿಗೆ ಕಳಿಸಿದ. ಎರಡರಿಂದ ಗುಣಿಸಿದಾಗ ಒಟ್ಟು ಮೊತ್ತ ಸೊನ್ನೆ ಆಯಿತು, ಬ್ಯಾಲೆನ್ಸ್ ಪರೀಕ್ಷೆ ಪಾಸಾಯಿತು. ಬಿಟ್‌ಕಾಯಿನ್‌ನಲ್ಲೂ 2010ರ ಆಗಸ್ಟ್ 15ರಂದು ಇಂಥದ್ದೇ ತಪ್ಪಿನಿಂದ 18,400 ಕೋಟಿಗೂ ಜಾಸ್ತಿ ನಾಣ್ಯ ಹುಟ್ಟಿತ್ತು, ಕೆಲವೇ ಗಂಟೆಗಳಲ್ಲಿ ಸರಿಪಡಿಸಿದರು. ಕಾಂಟ್ರ್ಯಾಕ್ಟ್ ಬರೆಯುವ ಭಾಷೆಯಾದ ಸಾಲಿಡಿಟಿಯಲ್ಲಿ 0.8ನೇ ಆವೃತ್ತಿಯಿಂದ, ಸಂಖ್ಯೆ ಮಿತಿ ಮೀರಿತೇ ಎಂಬ ಪರೀಕ್ಷೆ ತಾನಾಗಿಯೇ ನಡೆಯುತ್ತದೆ. ಗ್ಯಾಸ್ (ಕಾಂಟ್ರ್ಯಾಕ್ಟ್ ಓಡಿಸಲು ಕೊಡುವ ಶುಲ್ಕ) ಉಳಿಸಲು, ಈ ಪರೀಕ್ಷೆ ನಿಲ್ಲಿಸುವ ಅನ್‌ಚೆಕ್ಡ್ ಬ್ಲಾಕ್ ಹಾಕುವ ಆಸೆ ಬಂದರೆ, ಮೊತ್ತದ ಲೆಕ್ಕವನ್ನು ಅದರ ಹೊರಗಿಡಿ.

ಇನ್ನೊಂದು ಮಾತು. ವ್ಯವಹಾರಕ್ಕೆ ಹಾಕುವ ಡಿಜಿಟಲ್ ಸಹಿಯ ಗಣಿತವನ್ನು ಬಿಗ್‌ಇಂಟ್‌ನಲ್ಲಿ ನೀವೇ ಬರೆಯಲು ಹೋಗಬೇಡಿ. ಸಂಖ್ಯೆಗೆ ತಕ್ಕಂತೆ ಅದು ತೆಗೆದುಕೊಳ್ಳುವ ಸಮಯ ಬದಲಾಗುತ್ತದೆ, ಅದರಿಂದ ಸಹಿ ಹಾಕಲು ಬಳಸುವ ಗುಟ್ಟಿನ ಸಂಖ್ಯೆಯಾದ ಖಾಸಗಿ ಕೀಯ ಸುಳಿವು ಹೊರಬೀಳಬಹುದು. ಅದಕ್ಕೆ ತಜ್ಞರು ಪರಿಶೀಲಿಸಿದ ಲೈಬ್ರರಿಯನ್ನೇ ಬಳಸಿ.