ಸರ್ಕಾರ ಬದಲಾದರೆ ಬೆಳವಣಿಗೆಯೋ, ತಂತ್ರಜ್ಞಾನದಿಂದ ಬೆಳವಣಿಗೆಯೋ? ಪ್ರಬಂಧಕ್ಕೆ ಯಾವುದನ್ನು ಹಿಡಿಯಲಿ?

ನೀವು ಕೇಳಿದ ಇದೇ ‘ಯಾವುದು’ ಹಿಡಿದುಕೊಂಡು ಸ್ನಾತಕೋತ್ತರ ಪ್ರಬಂಧ ಬರೆದು ಒಂದು ವರ್ಷ ಕಳೆದುಕೊಂಡವನು ನಾನು.

ನನ್ನ ಸ್ಪ್ರೆಡ್‌ಶೀಟಿನಲ್ಲಿ ಸಾಲಿಗೊಂದು ವರ್ಷ. ಪಕ್ಕದಲ್ಲಿ ಜಿಡಿಪಿ ಬೆಳವಣಿಗೆ ದರ, ಅದರಾಚೆ ಅಧಿಕಾರದಲ್ಲಿದ್ದ ಪಕ್ಷ: ಒಂದಕ್ಕೆ 1, ಇನ್ನೊಂದಕ್ಕೆ 0. ಎಡವಿದ್ದು ಆ ಮೂರನೇ ಕಾಲಂನಲ್ಲಿ. ಚುನಾವಣೆಯ ವರ್ಷವನ್ನು ಇಡಿಯಾಗಿ ಗೆದ್ದವರ ಖಾತೆಗೆ ಬರೆದಿದ್ದೆ. ವರ್ಷದ ಕೊನೆಯಲ್ಲಿ ಪ್ರಮಾಣವಚನ ತೆಗೆದುಕೊಂಡವರಿಗೂ ಹನ್ನೆರಡು ತಿಂಗಳ ಶ್ರೇಯಸ್ಸು! ಹೊಸಬರು ಮೊದಲ ಕೆಲವು ತಿಂಗಳು ನಡೆಸುವುದು ಹಳಬರ ಬಜೆಟ್ಟನ್ನೇ. ಬಡ್ಡಿದರ ಇಳಿಸಿದರೂ ಅದು ಉತ್ಪಾದನೆಯಲ್ಲಿ ಕಾಣಿಸಿಕೊಳ್ಳಲು ವರ್ಷ ಹಿಡಿಯಬಹುದು. ಸೋಲುವ ಭಯದಲ್ಲಿ ಹಳಬರು ಸುರಿದ ಹಣದ ಫಲವನ್ನೂ ಗೆದ್ದವರ ಮಡಿಲಿಗೇ ಹಾಕಿದ್ದೆ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕೇಳಿದ್ದು ಒಂದೇ: “ಈ ಕಾಲಂ ಅನ್ನು ಒಂದು ಮನೆ ಕೆಳಗಿಳಿಸಿ ನೋಡಿದ್ದೀರಾ?” ಅಂದರೆ ಪ್ರತಿ ವರ್ಷದ ಬೆಳವಣಿಗೆಯನ್ನು ಹಿಂದಿನ ವರ್ಷ ಅಧಿಕಾರದಲ್ಲಿದ್ದವರ ಖಾತೆಗೆ ಬರೆದು. ಅವರೆದುರೇ ಇಳಿಸಿದೆ. ನನ್ನ ‘ಒಳ್ಳೆಯ’ ಪಕ್ಷ ಕೆಟ್ಟದ್ದಾಯಿತು.

ಚುನಾವಣೆಗೆ ಮುಂಚೆ ಕೈ ಸಡಿಲಿಸಿ ಆಮೇಲೆ ಬಿಗಿ ಮಾಡುವ ಚಾಳಿಯನ್ನು ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ 1975ರಲ್ಲೇ ಆರ್ಥಿಕ ಮಾದರಿಯಾಗಿ ಬರೆದಿಟ್ಟಿದ್ದರು. ಅದಕ್ಕೆ ಪಕ್ಷಭೇದವಿಲ್ಲ. ಓದಿದ್ದೆ, ನನ್ನ ಕಾಲಂಗೂ ಅದು ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ.

ಇನ್ನು ತಂತ್ರಜ್ಞಾನ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಲು ಹೊರಟಿದ್ದೀರಲ್ಲ, ಅದೇ ತಪ್ಪು. ಎಡಿಸನ್ ನ್ಯೂಯಾರ್ಕಿನಲ್ಲಿ ವಿದ್ಯುತ್ ಕೇಂದ್ರ ತೆರೆದದ್ದು 1882ರಲ್ಲಿ. ಕಾರ್ಖಾನೆಯವರು ಮೊದಲು ಮಾಡಿದ್ದೇನು? ಉಗಿಯಂತ್ರವಿದ್ದ ಜಾಗದಲ್ಲಿ ಒಂದು ದೊಡ್ಡ ಮೋಟರ್ ಕೂರಿಸಿ, ಯಂತ್ರಗಳಿಗೆಲ್ಲ ಶಕ್ತಿ ಹಂಚುತ್ತಿದ್ದ ಹಳೆಯ ದಂಡ, ಹಳೆಯ ಬೆಲ್ಟುಗಳನ್ನೇ ತಿರುಗಿಸಿದರು. ಪ್ರತಿ ಯಂತ್ರಕ್ಕೂ ತನ್ನದೇ ಮೋಟರ್ ಬಂದು, ಕೆಲಸದ ಸಾಗಾಟಕ್ಕೆ ತಕ್ಕಂತೆ ಕಟ್ಟಡವನ್ನೇ ಬೇರೆ ರೀತಿ ಕಟ್ಟಿದ ಮೇಲೆ, ಅಂದರೆ 1920ರ ದಶಕದಲ್ಲಿ, ಉತ್ಪಾದಕತೆ ಜಿಗಿಯಿತು. ನಡುವೆ, 1920ರದ್ದೂ ಸೇರಿ, ಹತ್ತು ಅಧ್ಯಕ್ಷೀಯ ಚುನಾವಣೆಗಳು ಕಳೆದಿದ್ದವು. ಯಾರ ಸಾಲಿಗೆ 1 ಬರೆಯುತ್ತೀರಿ? 1909ರಿಂದ 1949ರವರೆಗೆ ಅಮೆರಿಕದಲ್ಲಿ ತಾಸಿನ ದುಡಿಮೆಯ ಉತ್ಪನ್ನ ಇಮ್ಮಡಿಯಾದದ್ದರಲ್ಲಿ ಎಂಟರಲ್ಲಿ ಏಳು ಪಾಲು ತಾಂತ್ರಿಕ ಬದಲಾವಣೆಯದ್ದು ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1957ರಲ್ಲಿ ಲೆಕ್ಕ ಹಾಕಿದರು. (ಆ ‘ತಾಂತ್ರಿಕ’ ಚೀಲದಲ್ಲಿ ಶಿಕ್ಷಣದಂಥವೂ ಸೇರಿದ್ದವು, ಅದು ಬೇರೆ ಜಗಳ.)

ಹಾಗಾಗಿ ಪಕ್ಷದ ಕಾಲಂ ಅಳಿಸಿ. ಒಂದೇ ತಂತ್ರಜ್ಞಾನ ಹಿಡಿದು, ಚುನಾವಣೆಗಳು ಅದರ ಹಣ, ಕಾನೂನುಗಳನ್ನು ಎಲ್ಲಿ ತಡೆದವು, ಎಲ್ಲಿ ದೂಡಿದವು ಎಂದು ನೋಡಿ. ಮಾರ್ಗದರ್ಶಕರು ಪಕ್ಷ ಬೇಕೇ ಬೇಕೆಂದರೆ, ಕಾಲಂ ಇಳಿಸಿದ್ದು, ಇಳಿಸದಿದ್ದದ್ದು ಎರಡನ್ನೂ ಪಕ್ಕಪಕ್ಕದಲ್ಲಿ ಅಚ್ಚು ಹಾಕಿ. ನಾನು ಒಂದನ್ನೇ ಹಾಕಿದ್ದೆ.