ಆ ಹತ್ತೊಂಬತ್ತು ತಾಟುಗಳು

ಓದುಗರ ಪತ್ರ: "ನಮ್ಮದು ಸುರಪುರ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಜೂನ್‌ನಲ್ಲಿ ಹೊಸ ಅಡುಗೆಯವರು ಬಂದರು, ಪರಿಶಿಷ್ಟ ಜಾತಿಯವರು. ಮರುವಾರದಿಂದ ಹತ್ತೊಂಬತ್ತು ಮಕ್ಕಳು ಮನೆಯಿಂದ ಡಬ್ಬಿ ತರುತ್ತಿದ್ದಾರೆ. ಐದನೇ ತರಗತಿವರೆಗಿನವರು ಹನ್ನೊಂದು, ಮೇಲಿನ ತರಗತಿಯವರು ಎಂಟು. 'ಆಕಿ ಒಲಿ ಮುಟ್ಟೂದು ಬ್ಯಾಡ್ರಿ, ಅಂಗಳ ಗುಡಿಸ್ಲಾಕ ಹಚ್ರಿ' ಎಂದು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಹಿರಿಯರು ಹೇಳುತ್ತಾರೆ. ನಾನು ಅದೇ ಊರಲ್ಲಿ ಬಾಡಿಗೆಗಿದ್ದೇನೆ. ಪಾಠ ಹೇಳುವುದು ನಮ್ಮ ಕೆಲಸ, ಕಾನೂನು ಪೊಲೀಸರ ಕೆಲಸ. ಸಣ್ಣದೊಂದು ಹೊಂದಾಣಿಕೆಯಿಂದ ಊರು ಶಾಂತವಾಗಿರುವುದಾದರೆ ತಪ್ಪೇನು? ಇನ್ನೊಂದು ಮಾತು. ನಡೆಯಲಾಗದ ಮಗುವೊಂದನ್ನು ವಿಶೇಷ ಶಾಲೆಗೆ ಸೇರಿಸಿರೆಂದು ಅದರ ತಂದೆಗೆ ಹೇಳಿದೆ. ಅದೂ ತಾರತಮ್ಯವೇ?" (ಮುಖ್ಯಗುರುಗಳೊಬ್ಬರು. ಹೆಸರು ಬೇಡವೆಂದಿದ್ದಾರೆ.)

ಸಂಪಾದಕರ ಉತ್ತರ:

ಗುರುಗಳೇ, ಈ ಪತ್ರ ಬರೆದದ್ದಕ್ಕೆ ಮೊದಲು ನಿಮಗೆ ವಂದನೆ. ಬಹಳ ಮಂದಿ ಹೊಂದಾಣಿಕೆ ಮಾಡಿಕೊಂಡು ಸುಮ್ಮನಾಗಿಬಿಡುತ್ತಾರೆ. ನೀವು ಆ ತಾಯಿಯನ್ನು ಇನ್ನೂ ಒಲೆಯ ಮುಂದಿನಿಂದ ಎಬ್ಬಿಸಿಲ್ಲ, ಎಬ್ಬಿಸುವ ಮೊದಲು ಕೇಳಿದ್ದೀರಿ. ನಿಮ್ಮ ಕಷ್ಟವೂ ಅರ್ಥವಾಗುತ್ತದೆ. ಬಾಡಿಗೆ ಮನೆ ಆ ಹಿರಿಯರದು, ಹಾಲು ಅವರ ಮನೆಯದು, ಸಂಜೆ ಕೂರುವ ಕಟ್ಟೆಯೂ ಅವರದೇ. ಮೇಲಿನ ಕಚೇರಿಗೆ ಫೋನ್ ಮಾಡಿದರೆ "ಅಲ್ಲೇ ಬಗೆಹರಿಸಿಕೊಳ್ಳಿ" ಎಂಬ ಉತ್ತರ ಬರುತ್ತದೆ. ಇಷ್ಟನ್ನೂ ಒಪ್ಪುತ್ತೇನೆ. ಆದರೆ ನೀವು ಸಣ್ಣದೆಂದ ಆ ಹೊಂದಾಣಿಕೆಯನ್ನು ಒಪ್ಪಲಾರೆ. ಅಸ್ಪೃಶ್ಯತೆ ಇವತ್ತು ನಮ್ಮ ಶಾಲೆಗಳಿಗೆ ಬರುವುದೇ ಆ ಹೆಸರಿನಲ್ಲಿ.

ಕಾನೂನು ಪೊಲೀಸರದು ಎಂದಿರಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಅದನ್ನು ಜಾರಿಗೆ ತರಲು ಬಂದ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ಓದಿ: ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರು ಒಂದು ಉದ್ಯೋಗ ಮಾಡದಂತೆ ಅಡ್ಡಿಪಡಿಸುವುದು ಅಪರಾಧ. ಒಲೆ ಬಿಟ್ಟು ಅಂಗಳಕ್ಕೆ ಹಚ್ಚುವುದೆಂದರೆ ಇದೇ ಅಲ್ಲವೇ? 7ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ. ಜಾತಿಪದ್ಧತಿಯ ಸಂಪ್ರದಾಯವೆಂದೋ ಧರ್ಮವೆಂದೋ ಹೇಳಿ ಅಸ್ಪೃಶ್ಯತೆಯನ್ನು ಸಮರ್ಥಿಸುವವನೇ ಅದಕ್ಕೆ ಪ್ರೋತ್ಸಾಹ ಕೊಟ್ಟಂತೆ ಎನ್ನುತ್ತದೆ. "ನಮ್ಮೂರಾಗ ಮೊದಲಿಂದ ಹಿಂಗೇ ಐತ್ರಿ" ಎಂಬ ಮಾತು ಹಿರಿಯರಿಗೆ ರಕ್ಷಣೆಯಲ್ಲ, ಅವರ ಮೇಲೆಯೇ ಬೀಳುವ ಮಾತು. ಇದನ್ನು ಅವರಿಗೆ ಓದಿ ಹೇಳಿ. ಇನ್ನು ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ 1989ರ ದೌರ್ಜನ್ಯ ತಡೆ ಕಾಯ್ದೆಯ 3ನೇ ಸೆಕ್ಷನ್ನಿನ ಅಪರಾಧವನ್ನು ಸಾರ್ವಜನಿಕ ನೌಕರನೇ ಎಸಗಿದರೆ ಕನಿಷ್ಠ ಒಂದು ವರ್ಷ ಜೈಲು. ಹಿರಿಯರು ಬಾಯಲ್ಲಿ ಹೇಳಿ ಮನೆಗೆ ಹೋಗುತ್ತಾರೆ. ಕೆಲಸ ಬದಲಿಸಿದ ಕೈ ಮಾತ್ರ ನಿಮ್ಮದಾಗಿರುತ್ತದೆ.

ಶಿಕ್ಷಣ ಹಕ್ಕು ಕಾಯ್ದೆ 2009ರದು, ಅದರ ಕೇಂದ್ರ ನಿಯಮಗಳು 2010ರವು. ದುರ್ಬಲ ವರ್ಗದ ಮಗುವನ್ನು ಎಲ್ಲೆಲ್ಲಿ ಬೇರೆ ಕೂರಿಸಬಾರದು, ತಾರತಮ್ಯ ಮಾಡಬಾರದು ಎಂದು ಆ ನಿಯಮಗಳು ಜಾಗದ ಹೆಸರು ಹಿಡಿದೇ ಹೇಳುತ್ತವೆ: ತರಗತಿ, ಬಿಸಿಯೂಟ, ಆಟದ ಮೈದಾನ, ಕುಡಿಯುವ ನೀರು, ಶೌಚಾಲಯ. ಕೊನೆಗೆ ಶೌಚಾಲಯ ಮತ್ತು ಕೋಣೆಗಳ ಸ್ವಚ್ಛತೆಯ ಕೆಲಸವನ್ನೂ ಸೇರಿಸಿವೆ. ನಮ್ಮ ಹಳ್ಳಿ ಶಾಲೆಗಳನ್ನು ಬಲ್ಲವರೇ ಇದನ್ನು ಬರೆದಿರಬೇಕು.

ಈಗ ನಿಮ್ಮ ವಹಿಗೆ ಬರೋಣ. ಶಾಲೆಯಲ್ಲಿ ಅರವತ್ತು ಮಕ್ಕಳು ಹಾಜರಿದ್ದು ಹತ್ತೊಂಬತ್ತು ಮಂದಿ ಡಬ್ಬಿ ತಂದಿದ್ದರೆ ಬಿಸಿಯೂಟದ ವಹಿಯಲ್ಲಿ 41 ಎಂದು ಬರೆಯುತ್ತಿದ್ದೀರೋ, 60 ಎಂದೋ? ನೀವು ಹೇಳಿಲ್ಲ. ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಪ್ರಶ್ನೆ ಬರಬಾರದೆಂದು ಹಾಜರಾತಿಯನ್ನೇ ಊಟದ ಸಂಖ್ಯೆಯಾಗಿ ಬರೆದುಬಿಡುವ ರೂಢಿ ಬಹಳ ಕಡೆ ಇದೆ. ಲೆಕ್ಕ ಹಾಕಿ ನೋಡಿ. ಐದನೆಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ. ಆರರಿಂದ ಎಂಟಕ್ಕೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ. ಹನ್ನೊಂದು ಮಕ್ಕಳದು 1,100 ಗ್ರಾಂ, ಎಂಟು ಮಕ್ಕಳದು 1,200 ಗ್ರಾಂ, ಒಟ್ಟು ದಿನಕ್ಕೆ 2 ಕಿಲೋ 300 ಗ್ರಾಂ ಅಕ್ಕಿ. ಇಪ್ಪತ್ತನಾಲ್ಕು ದಿನದ ತಿಂಗಳಿಗೆ 55 ಕಿಲೋ ದಾಟುತ್ತದೆ, ಬೇಳೆ 11 ಕಿಲೋ. ಮೂರು ತಿಂಗಳಿಗೆ ಒಂದೂವರೆ ಕ್ವಿಂಟಲ್‌ಗೂ ಮಿಕ್ಕಿದ ಅಕ್ಕಿ ಕಾಗದದ ಮೇಲೆ ಬೆಂದಿರುತ್ತದೆ, ಕೋಣೆಯ ಮೂಲೆಯಲ್ಲಿ ಚೀಲದಲ್ಲೇ ಉಳಿದಿರುತ್ತದೆ. ಇಲ್ಲವೇ ಬೆಂದು ಚೆಲ್ಲಿಹೋಗಿರುತ್ತದೆ. ತಪಾಸಣೆಗೆ ಬಂದವರು ದಾಸ್ತಾನು ತೂಗಿದರೆ ದುರುಪಯೋಗದ ನೋಟಿಸ್ ಬರುವುದು ನಿಮಗೆ. ಜಾತಿಯ ವಿಷಯ ಆಗ ಎತ್ತಿದರೆ "ಮೂರು ತಿಂಗಳು ಎಲ್ಲರೂ ಉಂಡರೆಂದು ನೀವೇ ಬರೆದಿದ್ದೀರಲ್ಲ" ಎನ್ನುತ್ತಾರೆ. ಆ ತಾಯಿಯ ಪರವಾಗಿ ಇದ್ದ ಒಂದೇ ಪುರಾವೆಯನ್ನು ನಿಮ್ಮ ಕೈಯಾರೆ ಅಳಿಸಿದಂತಾಗುತ್ತದೆ. ಆದ್ದರಿಂದ ಇವತ್ತಿನಿಂದ ಉಂಡವರನ್ನಷ್ಟೇ ಎಣಿಸಿ ಬರೆಯಿರಿ. 41 ಅಂದರೆ 41.

ರುಚಿ ನೋಡುವ ಪುಸ್ತಕವೂ ಹಾಗೆಯೇ. ಬಡಿಸುವ ಮೊದಲು ಇಬ್ಬರೋ ಮೂವರೋ ದೊಡ್ಡವರು ಊಟದ ರುಚಿ ನೋಡಬೇಕು, ಅವರಲ್ಲಿ ಒಬ್ಬರಾದರೂ ಶಿಕ್ಷಕರಿರಬೇಕು ಎಂಬುದು ನಿಯಮ. ಅಡುಗೆಕೋಣೆಯಲ್ಲಿ ಒಂದು ತುತ್ತು ಬಾಯಿಗೆ ಹಾಕಿಕೊಂಡು ಸಹಿ ಮಾಡಿದರೆ ನಿಯಮ ಮುಗಿಯುತ್ತದೆ, ಊರಿಗೆ ಏನೂ ತಿಳಿಯುವುದಿಲ್ಲ. ಮಕ್ಕಳ ಸಾಲಿನಲ್ಲೇ ಕೂತು ಪೂರ್ತಿ ತಾಟು ಉಣ್ಣಿ. ಸಹಶಿಕ್ಷಕರನ್ನೂ ಕೂರಿಸಿಕೊಳ್ಳಿ. ಎಸ್‌ಡಿಎಂಸಿ ಸದಸ್ಯರಿಗೂ ಸರದಿ ಹಾಕಿ, ಬಂದವರ ಸಹಿ ತೆಗೆದುಕೊಳ್ಳಿ, ಬರಲಿಲ್ಲವೆಂದರೆ ಗೈರೆಂದು ಬರೆಯಿರಿ.

ನೀವು ಹೇಳುವ ಹೊಂದಾಣಿಕೆ ಬೇರೆ ಕಡೆ ನಡೆದು ಏನಾಯಿತೆಂಬುದೂ ಗೊತ್ತಿರಲಿ. 2021ರ ಡಿಸೆಂಬರ್‌ನಲ್ಲಿ ಉತ್ತರಾಖಂಡದ ಚಂಪಾವತ್ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ದಲಿತ ಮಹಿಳೆ ಮಾಡಿದ ಅಡುಗೆಯನ್ನು ಮೇಲ್ಜಾತಿಯ ಮಕ್ಕಳು ಬಿಟ್ಟರು. ನೇಮಕದ ವಿಧಾನ ಸರಿಯಿಲ್ಲವೆಂಬ ಕಾರಣ ಹೇಳಿ ಅಧಿಕಾರಿಗಳು ಆಕೆಯನ್ನು ತೆಗೆದರು. ಶಾಂತಿ ಬಂತೇ? ಮೇಲ್ಜಾತಿಯ ಅಡುಗೆಯವರು ಬೇಯಿಸಿದ್ದನ್ನು ದಲಿತ ಮಕ್ಕಳು ಮುಟ್ಟಲಿಲ್ಲ. ಸುದ್ದಿ ದೇಶವೆಲ್ಲ ಹರಡಿತು, ಕೊನೆಗೆ ಆಕೆಯನ್ನೇ ಮರಳಿ ಕರೆಯಬೇಕಾಯಿತು. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್ 20ರಂದೇ ಆದೇಶಿಸಿದೆ. ನಿಮ್ಮ ಶಾಲೆಯ ಆ ತಾಯಿಯನ್ನು ಒಲೆಯ ಮುಂದೆ ಕೂರಿಸಿರುವುದು ಯಾರ ಔದಾರ್ಯವೂ ಅಲ್ಲ. ನಮ್ಮ ಭಾಗಕ್ಕೆ ಈ ಊಟದ ಮೇಲೆ ವಿಶೇಷ ಹಕ್ಕಿದೆ ಎಂದು ನಾನು ನಂಬಿದವನು. 2002ರ ಜೂನ್‌ನಲ್ಲಿ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ ರಾಜ್ಯದಲ್ಲಿ ಮೊದಲು ಆರಂಭವಾದದ್ದು ಅವಿಭಜಿತ ಗುಲ್ಬರ್ಗ, ಬೀದರ್ ಸೇರಿ ಏಳು ಜಿಲ್ಲೆಗಳಲ್ಲಿ. ಹಸಿವು ಹೆಚ್ಚೆಂದು ಮೊದಲು ನಮಗೆ ಕೊಟ್ಟ ತಾಟು ಇದು.

ಮಾಡಬೇಕಾದ್ದನ್ನು ಕ್ರಮವಾಗಿ ಹೇಳುತ್ತೇನೆ. ಆ ಹತ್ತೊಂಬತ್ತು ಮಕ್ಕಳ ಪೋಷಕರನ್ನು ಒಟ್ಟಿಗೆ ಕರೆಯಬೇಡಿ. ಗುಂಪಿನಲ್ಲಿ ದೊಡ್ಡ ದನಿಯವನದೇ ಮಾತಾಗುತ್ತದೆ, ಒಳಗೊಳಗೆ ಒಪ್ಪಿದವರೂ ಬಾಯಿ ಬಿಡುವುದಿಲ್ಲ. ಒಬ್ಬೊಬ್ಬರನ್ನೇ ಕರೆದು ಡಬ್ಬಿ ಏಕೆಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಹೊಟ್ಟೆನೋವು, ಖಾರ, ಬೇಳೆ ಬೇಯುವುದಿಲ್ಲ ಎಂದರೆ ಅದನ್ನು ಸರಿಪಡಿಸಿ. ಅಂಥ ದೂರು ನಿಜವೂ ಇರಬಹುದು. ಆಮೇಲೆ ಎಸ್‌ಡಿಎಂಸಿ ಸಭೆ ಕರೆಯಿರಿ. ಸಮಿತಿಯ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗದವರಿಗೆ ಪ್ರಾತಿನಿಧ್ಯ ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಅವರೆಲ್ಲ ಕೂತಿದ್ದಾರೋ, ಅವರ ಗಂಡಂದಿರು ಕೂತಿದ್ದಾರೋ ನೋಡಿ. ಅಡುಗೆಯವರ ಕೆಲಸ ಬದಲಿಸಬೇಕೆಂಬ ಮಾತು ಬಂದರೆ ಹೇಳಿದವರ ಹೆಸರಿನೊಂದಿಗೆ ನಡಾವಳಿಯಲ್ಲಿ ಬರೆಯಿರಿ, ಅದರ ಕೆಳಗೆ ನಿಮ್ಮ ಒಪ್ಪಿಗೆಯಿಲ್ಲವೆಂದೂ ಬರೆಯಿರಿ. ಕಾಯ್ದೆಗೆ ವಿರುದ್ಧವಾದ ಠರಾವಿಗೆ ಬಹುಮತವಿದ್ದರೂ ಬೆಲೆಯಿಲ್ಲ.

ಅದೇ ದಿನ ಕ್ಷೇತ್ರ ಶಿಕ್ಷಣಾಧಿಕಾರಿಗೆ ಒಂದು ಪುಟದ ವರದಿ ಕೊಡಿ: ದಿನಾಂಕ, ಉಂಡವರ ಸಂಖ್ಯೆ, ಪೋಷಕರು ಹೇಳಿದ ಕಾರಣ, ನೀವು ಮಾಡಿದ್ದು. ಪ್ರತಿಯನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೂ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರಿಗೂ ಕಳಿಸಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಸುಮ್ಮನಾಗಬೇಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಪ್ರತಿ ನಿಮ್ಮ ಕಡತದಲ್ಲಿರಲಿ. ಯಾರಾದರೂ ಆಕೆಯನ್ನು ಜಾತಿ ಹಿಡಿದು ಬೈದರೆ ಆಗ ಪೊಲೀಸ್ ಠಾಣೆ, ಅಥವಾ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ. ಅದರ ಘಟಕ ಕಲಬುರಗಿಯಲ್ಲೇ ಇದೆ. ದೌರ್ಜನ್ಯ ತಡೆ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಲು ಪ್ರಾಥಮಿಕ ವಿಚಾರಣೆ ಬೇಕಿಲ್ಲವೆಂದು 2018ರ ತಿದ್ದುಪಡಿ ಸ್ಪಷ್ಟಪಡಿಸಿದೆ. "ವಿಚಾರಣೆ ಮಾಡಿ ನೋಡೋಣ" ಎಂದು ಠಾಣೆಯಿಂದ ವಾಪಸ್ ಕಳಿಸಿದರೆ ಆ ಮಾತು ನೆನಪಿಸಿ.

ಸೂಕ್ಷ್ಮವಾಗಿ ನೋಡಿದರೆ ಇದೇ ರೋಗ ಬೇರೆ ಬೇರೆ ರೂಪದಲ್ಲಿ ಎಲ್ಲ ಶಾಲೆಗಳಲ್ಲೂ ಇದೆ. 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದರು, ತಿನ್ನದವರಿಗೆ ಬಾಳೆಹಣ್ಣು. ಬಡಿಸಲು ಸುಲಭವೆಂದು ಮೊಟ್ಟೆಯವರದು ಒಂದು ಸಾಲು, ಹಣ್ಣಿನವರದು ಒಂದು ಸಾಲು ಮಾಡಿದರೆ ಒಂದು ತಿಂಗಳಲ್ಲಿ ಅದು ಜಾತಿಯ ಸಾಲಾಗುತ್ತದೆ. ಎಲ್ಲರನ್ನೂ ತರಗತಿವಾರು ಕೂರಿಸಿ, ಬಡಿಸುವವರು ಎರಡು ಬುಟ್ಟಿ ಹಿಡಿದು ಬರಲಿ. ವಿದ್ಯಾರ್ಥಿವೇತನಕ್ಕೆಂದು "ಎಸ್‌ಸಿ ಮಕ್ಕಳು ಎದ್ದು ನಿಲ್ರಿ" ಎನ್ನುವುದು ಇನ್ನೊಂದು. ಆ ವಿವರವೆಲ್ಲ ಮಕ್ಕಳ ದಾಖಲೆಯ ಸರ್ಕಾರಿ ತಂತ್ರಾಂಶ ಸ್ಯಾಟ್ಸ್‌ನಲ್ಲಿದೆ. ಪಟ್ಟಿ ತೆಗೆದು ಪೋಷಕರಿಗೆ ಫೋನ್ ಮಾಡಿದರೆ ಸಾಕು. ಗುಳೆ ಹೋಗಿ ಸುಗ್ಗಿಯ ನಂತರ ಮರಳಿದ ತಾಂಡಾದ ಮಗುವಿಗೆ "ಟಿ.ಸಿ. ತಾ" ಎಂದು ಬಾಗಿಲಲ್ಲಿ ನಿಲ್ಲಿಸುವುದು ಮತ್ತೊಂದು. ಟಿ.ಸಿ. ತಡವಾಯಿತೆಂದು ಪ್ರವೇಶ ತಡೆಯಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೇಳಿದರೆ, ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸಬಾರದೆಂದು 14ನೇ ಸೆಕ್ಷನ್ ಹೇಳುತ್ತದೆ. ತಂದೆಯ ಹೆಸರಿನ ಕಾಲಂ ಖಾಲಿ ಬಿಟ್ಟ ತಾಯಿಯನ್ನು ಮಕ್ಕಳೆದುರು ಆ ಪ್ರಶ್ನೆ ಕೇಳಬೇಡಿ. ದೇವದಾಸಿ ಪದ್ಧತಿ ಕಂಡ ನಮ್ಮ ಜಿಲ್ಲೆಗಳಲ್ಲಿ ಅದು ಏಕೆ ಖಾಲಿಯೆಂದು ಯಾರಿಗೆ ಗೊತ್ತಿಲ್ಲ?

ನಡೆಯಲಾಗದ ಮಗುವಿನ ವಿಷಯದಲ್ಲಿ ನಿಮ್ಮ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಹೌದು ಗುರುಗಳೇ, ಅದೂ ತಾರತಮ್ಯವೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ, ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18ರವರೆಗೆ ಉಚಿತ ಶಿಕ್ಷಣ, ನೆರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆ ಆ ಮಗುವಿನದು. ಆಯ್ಕೆ ನಿಮ್ಮದಲ್ಲ. ಮಗು ಬರುತ್ತದೆಂದಾದರೆ ಅದರ ತರಗತಿಯನ್ನು ನೆಲಮಟ್ಟದ ಕೋಣೆಗೆ ತನ್ನಿ. ರ‍್ಯಾಂಪ್ ಕಟ್ಟಿಸುವಾಗ ಟೇಪ್ ಹಿಡಿದು ನೀವೇ ನಿಲ್ಲಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಜಗಲಿ ಒಂದೂವರೆ ಅಡಿ ಇದ್ದರೆ ಹದಿನೆಂಟು ಅಡಿ. ಗುತ್ತಿಗೆದಾರರು ಆರೇಳು ಅಡಿಯಲ್ಲಿ ಮುಗಿಸಿ ಬಿಲ್ ಮಾಡಿಕೊಳ್ಳುತ್ತಾರೆ. ಅಂಥ ಇಳಿಜಾರಿನಲ್ಲಿ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ, ಮಳೆಗಾಲದಲ್ಲಿ ನಡೆಯುವವರೂ ಜಾರುತ್ತಾರೆ.

ಇಲ್ಲಿ ನಿಮ್ಮ ಮೇಲಿನವರ ಮೇಲೆಯೂ ನನಗೆ ಸಿಟ್ಟಿದೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಹಣ ಪಡೆಯುವ ಪ್ರತಿ ಶಾಲಾ ಜಿಲ್ಲೆ, ಲಿಂಗ ತಾರತಮ್ಯದ ದೂರು ನೋಡಲು ಒಬ್ಬ ನೌಕರರನ್ನು ನಿಯೋಜಿಸಿ, ಅವರನ್ನು ಸಂಪರ್ಕಿಸುವ ವಿವರವನ್ನು ಮಕ್ಕಳಿಗೂ ಪೋಷಕರಿಗೂ ತಿಳಿಸಬೇಕು. 1972ರ ಕಾನೂನಿನಿಂದ ಬಂದ ಕಟ್ಟಳೆ ಅದು. ನಮ್ಮಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು, ಒಪ್ಪದಿದ್ದರೆ ಮಕ್ಕಳ ಹಕ್ಕುಗಳ ಆಯೋಗಕ್ಕೆ ಮೇಲ್ಮನವಿ. ಇದನ್ನು ಯಾವ ಶಾಲೆಯ ಗೋಡೆಯ ಮೇಲೆ ಬರೆದಿದ್ದಾರೆ? ಗೋಡೆಯ ತುಂಬ ಸುಭಾಷಿತಗಳಿವೆ, ದೂರು ಕೊಡುವ ವಿಳಾಸ ಇಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಕಟ್ಟಕಡೆಗೆ ಬಂದಾಗ ಎಷ್ಟೊಂದು ಸಭೆಗಳಾದವು. ಖಾಲಿ ಹುದ್ದೆ, ವಿಶೇಷ ತರಗತಿ, ಮಾದರಿ ಪ್ರಶ್ನೆಪತ್ರಿಕೆಯ ಮಾತೇ ಮಾತು. ಹಿಂದಿನ ಬೆಂಚಿನಲ್ಲಿ ವರ್ಷಗಟ್ಟಲೆ ಯಾವ ಓಣಿಯ ಮಕ್ಕಳು ಕೂತಿದ್ದಾರೆ, ಕಸಬರಿಗೆ ಯಾರ ಕೈಗೆ ಹೋಗುತ್ತದೆ ಎಂದು ಕೇಳಿದವರ ಸುದ್ದಿ ನಮ್ಮ ಕಚೇರಿಗೆ ಬಂದಿಲ್ಲ. ಅತಿಥಿ ಶಿಕ್ಷಕರ ಸ್ಥಿತಿಯಂತೂ ಹೇಳತೀರದು. ಮುಂದಿನ ವರ್ಷ ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬ ಭಯದಲ್ಲಿರುವವರು ಊರ ಹಿರಿಯರ ಮುಂದೆ ಹೇಗೆ ಬಾಯಿ ತೆಗೆದಾರು? ಅದಕ್ಕೇ ಕಾಯಂ ಹುದ್ದೆಯಲ್ಲಿರುವ ನಿಮ್ಮ ಮೇಲೆ ಭಾರ ಹೆಚ್ಚು. ನಾವು ಹೊರಿಸುತ್ತಿದ್ದೇವೆ ಎಂದು ಬೇಸರಿಸಬೇಡಿ.

ಇನ್ನೆರಡು ಮಾತು. ಡಬ್ಬಿ ತಂದ ಮಕ್ಕಳನ್ನು ಬೈಯಬೇಡಿ, ಬೇರೆ ಕೂರಿಸಬೇಡಿ, ಡಬ್ಬಿ ಕಸಿದುಕೊಳ್ಳಬೇಡಿ. ತಪ್ಪು ಆ ಕೂಸುಗಳದಲ್ಲ. ಅದೇ ಸಾಲಿನಲ್ಲಿ ಕೂತು ರೊಟ್ಟಿ ತಿನ್ನಲಿ, ಪಕ್ಕದವರ ತಾಟಿನಲ್ಲಿ ಬಿಸಿ ಅನ್ನ ಸಾಂಬಾರು ಇರಲಿ. ಅವರ ಪಾಲಿನ ತಾಟೂ ದಿನಾ ತೊಳೆದು ಸಿದ್ಧವಿರಲಿ, ಕೇಳಿದ ದಿನ ಬಡಿಸಲಿ. ಪೋಷಕರು ಟಿ.ಸಿ. ಕೊಡಿರೆಂದು ಹೆದರಿಸಿದರೆ ಕೈಕಾಲು ಹಿಡಿಯಬೇಡಿ, ತಡೆಯಲೂ ಬೇಡಿ. ಕೇಳಿದ ಕೂಡಲೇ ಕೊಡುವುದು ನಿಮ್ಮ ಕರ್ತವ್ಯ. ಲಿಖಿತ ಅರ್ಜಿ ತೆಗೆದುಕೊಳ್ಳಿ, ಶಾಲೆ ಬಿಡುವ ಕಾರಣವನ್ನು ಅವರ ಕೈಯಲ್ಲೇ ಬರೆಸಿ, ಅದರ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳಿಸುವ ವರದಿಗೆ ಲಗತ್ತಿಸಿ.